ಭುಜ ಬಿಡದ ಲಾಂಡೊ

"ಕಿಟಕಿ ಕಾಣಿಸ್ತು ದೊಡ್ಡಮ್ಮ, ಅಷ್ಟೇ. ಅಪ್ಪನ್ನ ಬೆಳಿಗ್ಗೇನೇ ಕುರ್ಚಿ ಮೇಲೆ ಕೂರಿಸಿ, ಕಿಟಕಿ ಹತ್ರ ತಂದು, ಕುತ್ತಿಗೆಗೆ ಅವರ ಹಳೇ ಕೆಂಪು ವಸ್ತ್ರ ಕಟ್ಟಿ ಹೋಗಿದ್ದೆ. ಹೋದ ವರ್ಷ ಹಬ್ಬದ ದಿನ ಎದ್ದು ಕೂರೋಕೂ ಆಗಿರ್ಲಿಲ್ಲ ಅವರಿಗೆ. ಸಂತನ ಕಂಬ ಹೊತ್ತು ಓಡ್ತಾ ನಾನು ಭುಜ ಬಿಡ್ಬೇಕಾಗಿದ್ದು ಬ್ರೆಡ್ಡಿನ ಅಂಗಡಿ ಮುಂದೆ. ನಮ್ಮ ಕಿಟಕಿ ಇರೋದು ಅದನ್ನ ದಾಟಿದ್ಮೇಲೆ. ಅಲ್ಲಿ ನನ್ನ ಜಾಗಕ್ಕೆ ಬರ್ಬೇಕಾದ ಫುಲ್ವಿಯೊ ಪಕ್ಕಕ್ಕೆ ಓಡಿ ಬಂದು ಬೆನ್ನ ಮೇಲೆ ಕೈ ಇಟ್ಟ. 'ಬಿಡು ಲಾಂಡೊ' ಅಂದ. ಕೇಳಿಸ್ತು. ಕೇಳಿಸ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ಇನ್ನು ನಾಲ್ಕು ಹೆಜ್ಜೆ, ಕಂಬದ ಕೆಳಗೆ ಅಪ್ಪ ನನ್ನ ನೋಡ್ಲಿ ಅಂದ್ಕೊಂಡೆ. ಅವನು 'ಬಿಡೋ!' ಅಂತ ಕಿರುಚಿದ. ನುಗ್ಗೋಕೆ ಜಾಗ ಇಲ್ದೆ ಅವನ ಕಾಲು ನನ್ನ ಕಾಲಿಗೆ ಸಿಕ್ತು. ಆಮೇಲಿಂದು ಇಡೀ ಗುಬ್ಬಿಯೊ ಊರೇ ನೋಡಿದೆಯಲ್ಲ. ಕಂಬ ವಾಲ್ತು, ಬಿತ್ತು. ತುದೀಲಿದ್ದ ಸಂತ ಜೋರ್ಜೊ ಕುದುರೆ ಸಮೇತ ಗೋಡೆಗೆ ಬಡಿದ. ಅಪ್ಪ ಮೇಲಿಂದ 'ಏ ಫುಲ್ವಿಯೊ, ನಿನ್ನ ಕಾಲು ಮುರಿಯಾ!' ಅಂತ ಕೂಗಿದ್ರು. ನಾನು ಸುಮ್ನಿದ್ದೆ. ಇವತ್ತಿಗೂ ಸುಮ್ನೇ ಇದೀನಿ."

ಲಾಂಡೊ ಇದನ್ನು ಹೇಳಿದ್ದು ನನ್ನ ಅಡುಗೆಮನೆಯಲ್ಲಿ, ಕಿಟಕಿಯ ಕೀಲು ಬಿಚ್ಚುತ್ತಾ, ನನ್ನ ಕಡೆಗೆ ಬೆನ್ನು ಹಾಕಿಕೊಂಡು. ನಾನು ಅವರೆ ಸುಲಿಯುತ್ತಾ ಕೂತಿದ್ದೆ. ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವನ ಮಾತೂ ನಿಲ್ಲುತ್ತಿತ್ತು.

ನಮ್ಮ ಬೀದಿಯಲ್ಲಿ ಅವನು ರಿಪೇರಿ ಮಾಡದ ಕಿಟಕಿ ಇಲ್ಲ. ಮದುವೆಯಾಗಲಿಲ್ಲ. ತಾಯಿ ಹೋದಮೇಲೆ, ಅಪ್ಪ ಸೆತ್ತಿಮಿಯೊಗೆ ಒಂದು ಪಕ್ಕ ಬಿದ್ದುಹೋದಮೇಲೆ, ಸ್ನಾನ, ಊಟ, ಗಡ್ಡ ಎಲ್ಲ ಇವನದೇ ಕೈ. ಉಳಿದ ಜೀವವೆಲ್ಲ ಹಬ್ಬಗಳಿಗೆ. ಡಿಸೆಂಬರಿನಲ್ಲಿ ಬೆಟ್ಟದ ಮೇಲೆ ದೀಪದ ಮರ ಮಾಡುವಾಗ ವೈರು ಎಳೆಯುವುದಕ್ಕೆ ಇವನು ಇರಲೇಬೇಕು. ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಪಂಜು ಹಿಡಿಯುತ್ತಾನೆ. ಮೇ ತಿಂಗಳ ಕಂಬದ ಹಬ್ಬ ಬಂತೆಂದರೆ ಊಟ ಮರೆಯುತ್ತಾನೆ. ಆದರೂ ಕಂಬದ ಕೆಳಗೆ ಭುಜ ಕೊಡುವ ಭಾಗ್ಯ ಅವನಿಗೆ ಬಂದಿದ್ದು ತಲೆ ನರೆತಮೇಲೆ. ಒಂದೇ ಎತ್ತರದವರೇ ಆಗಬೇಕಲ್ಲ; ಇವನು ಒಂದು ಬೆರಳು ಗಿಡ್ಡ. ಸೆತ್ತಿಮಿಯೊ ತನ್ನ ಕಾಲದಲ್ಲಿ ಬೆಟ್ಟದ ಕಡಿದಾದ ಏರಿನಲ್ಲಿ ಮುಂಭುಜ ಕೊಟ್ಟವನು. "ನನ್ನ ಮಗ ಉಗುರು ಬೆಳೆಸ್ದ, ಎತ್ತರ ಬೆಳೀಲಿಲ್ಲ" ಅಂತ ಹೋಟೆಲಿನಲ್ಲಿ ಕೂತು ನಗುತ್ತಿದ್ದ. ಲಾಂಡೊ ಕೊನೆಗೆ ಬೂಟಿನೊಳಗೆ ಚರ್ಮದ ಅಟ್ಟೆ ಇಟ್ಟುಕೊಂಡು ಜಾಗ ಗಿಟ್ಟಿಸಿದ. ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ.

ಕಂಬ ಬಿದ್ದಮೇಲೆ ಆಡಿಕೊಂಡಿದ್ದು ಫುಲ್ವಿಯೊನನ್ನು. ಅವನು ಮೂಲೆಯ ತರಕಾರಿ ಅಂಗಡಿಯವನು. ಮಾರನೇ ದಿನ ಅವನ ಹೊಸ್ತಿಲ ಮೇಲೆ ಯಾರೋ ಮರದ ಹೊಟ್ಟು ಸುರಿದಿದ್ದರು, ಜಾರಬಾರದು ಅಂತ. ಹೆಂಗಸರು ಟೊಮೇಟೊ ಕೊಳ್ಳುತ್ತಾ "ಬೀಳಿಸದೆ ತೂಗಪ್ಪ" ಅನ್ನುವರು. ಅವನು ನಕ್ಕು ತೂಗುವನು. ನಮ್ಮ ಕಂಬ ಬಿದ್ದದ್ದರಿಂದ ಹಿಂದಿನಿಂದ ಬೇರೆ ಸಂತನ ಕಂಬ ಹೊತ್ತು ಬರುತ್ತಿದ್ದ ಕಪ್ಪು ಅಂಗಿಯವರೂ ದಾರಿಯಲ್ಲೇ ನಿಲ್ಲಬೇಕಾಯಿತು. ಅವರು ಅದನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ.

ಕೀಲು ಕೂರಿಸಿ ಲಾಂಡೊ ಕೇಳಿದ, "ಭಾನುವಾರ ಊಟಕ್ಕೆ ಫುಲ್ವಿಯೊನೂ ಬರ್ತಾನಾ?"

"ಬರದೆ ಇರ್ತಾನಾ? ಅವನನ್ನ ತಂಡದಿಂದ ತೆಗೆಯೋಕೇ ತಾನೆ ಎಲ್ಲ ಸೇರ್ತಿರೋದು."

ಅವನು ಉಳಿದ ತಿರುಪು ಬಿಗಿದು, ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟ.

ಆ ಭಾನುವಾರ ಚೌಕದಲ್ಲಿ ಬಿಲ್ಲಿನ ಪಂದ್ಯ. ಬೆಳಿಗ್ಗೆಯಿಂದ ತಮಟೆ, ಬಾವುಟ. ಯಾವ ವರ್ಷವೂ ಅದನ್ನು ತಪ್ಪಿಸದ ಲಾಂಡೊ ಈ ಸಲ ಬೀದಿಗೇ ಇಳಿಯಲಿಲ್ಲ. ಮಧ್ಯಾಹ್ನ ನಮ್ಮ ತಂಡದ ನೀಲಿ ಅಂಗಿಯವರ ಊಟದ ಮನೆಗೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ. ನಾವು ಹೆಂಗಸರು ಒಳಗೆ ಉಪ್ಪುಮೀನು ಬೇಯಿಸುತ್ತಿದ್ದೆವು. ನಡುವೆ ತಟ್ಟೆ ದಾಟಿಸುವ ಕಿಂಡಿ ಇತ್ತು, ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಫುಲ್ವಿಯೊ, ಮೆಟ್ಟಿಲು ಹುಷಾರಪ್ಪ, ಈಗ್ತಾನೆ ಒರೆಸಿದಾರೆ!"

"ನಿನ್ನ ವೈನು ಕುಡಿಯೋಕೆ ಬರೋನು ಹುಷಾರಾಗೇ ಬರ್ಬೇಕು, ಅದಕ್ಕಿಂತ ಅಪಾಯ ಇನ್ನೊಂದಿಲ್ಲ."

ನಕ್ಕರು. ತಂಡದ ಹಿರಿಯ ಗಾಸ್ಪರೆ ಗ್ಲಾಸು ಕುಟ್ಟಿದ. "ತಮಾಷೆ ಸಾಕು. ಫುಲ್ವಿಯೊ, ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡೋಣ ಅಂತ."

"ನಿಮ್ಮಿಷ್ಟ" ಅಂದ ಫುಲ್ವಿಯೊ, ಬ್ರೆಡ್ಡು ಮುರಿಯುತ್ತಾ. ಅವನು ನೋಡಿದ್ದು ಗಾಸ್ಪರೆ ಕಡೆಗಲ್ಲ, ಬಾಗಿಲ ಕಡೆಗೆ.

ಲಾಂಡೊ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಅವನು ಜಾರ್ಲಿಲ್ಲ. ನಾನು ಬಿಡ್ಲಿಲ್ಲ."

"ಏನು ಬಿಡ್ಲಿಲ್ಲ?"

"ಭುಜ. ಅವನು ಕೇಳ್ದ. ಎರಡು ಸಲ ಕೇಳ್ದ. ಬಿಡ್ಲಿಲ್ಲ."

ಚರ್ಚಿನ ಹುಂಡಿ ಒಡೆದೆ ಅಂದಿದ್ದರೂ ಅವನನ್ನು ಯಾರೂ ಹಾಗೆ ನೋಡುತ್ತಿರಲಿಲ್ಲ. ಜ್ವರ ಬಂದವನು, ಬೆರಳು ಮುರಿದವನು, ಯಾರಾದರೂ ಸರಿ, ಕೇಳಿದ ಕೂಡಲೇ ಭುಜ ಬಿಡುತ್ತಾನೆ. ಅದೊಂದನ್ನು ನಮ್ಮಲ್ಲಿ ಯಾರೂ ಹೇಳಿಸಿಕೊಂಡು ಕಲಿಯುವುದಿಲ್ಲ.

"ಯಾಕೋ?" ಅಂದ ಗಾಸ್ಪರೆ.

ಲಾಂಡೊನ ಕಿವಿಯೆಲ್ಲ ಕೆಂಪಾಗಿತ್ತು. ಅಪ್ಪನ ಹೆಸರು ಎತ್ತಲಿಲ್ಲ. "ಜನ ನೋಡ್ಲಿ ಅಂತ. ಮೆರೀಬೇಕು ಅಂತ."

ಫುಲ್ವಿಯೊ ಬ್ರೆಡ್ಡು ಕೆಳಗಿಟ್ಟ. "ನನಗೆ ಗೊತ್ತಿತ್ತು ಮಾರಾಯ. ನಿನ್ನ ಬೆನ್ನ ಮೇಲೆ ಕೈ ಇಟ್ಟಿದ್ದೋನು ನಾನಲ್ವಾ? ಇಷ್ಟು ದಿನ ನನ್ನ ಅಂಗಡಿಗೆ ಬಂದು, ಅಪ್ಪಂಗೆ ಮೆತ್ತಗಿರೋ ಪೇರಳೆ ಆರಿಸಿಕೊಡು ಅಂತ ಕೇಳಿ ತಗೊಂಡು ಹೋದ್ಯಲ್ಲ, ಆವಾಗ ಹೇಳ್ತೀಯೇನೋ ಅಂತ ಕಾದೆ."

"ಗೊತ್ತಿದ್ಮೇಲೆ ನೀನಾದ್ರೂ ಯಾಕೆ ಬಾಯಿ ಬಿಡ್ಲಿಲ್ಲ?" ಅಂದ ಲಾಂಡೊ.

"ನಿಮ್ಮಪ್ಪ ಕಿಟಕೀಲಿ ಕೂತಿದ್ರು."

ಅಷ್ಟಕ್ಕೇ ಲಾಂಡೊ ಮುಖ ಮುಚ್ಚಿಕೊಂಡ. ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದನೋ ಏನೋ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಊಟ ಮಾಡದೆ ಹೊರಗೆ ಹೋದ. ಫುಲ್ವಿಯೊನ ಜಾಗ ಅವನಿಗೇ ಉಳಿಯಿತು. ಲಾಂಡೊನ ಜಾಗದ ಮಾತನ್ನು ಗಾಸ್ಪರೆ ಎತ್ತಲಿಲ್ಲ, ಕೇಳುವುದಕ್ಕೆ ಅವನೂ ಅಲ್ಲಿರಲಿಲ್ಲ.

ಮಾರನೇ ಬೆಳಿಗ್ಗೆ ಒಂದು ಬಟ್ಟಲು ಸಾರು ತೆಗೆದುಕೊಂಡು ಅವರ ಮನೆಗೆ ಹೋದೆ. ಸುದ್ದಿ ಆಗಲೇ ಮೆಟ್ಟಿಲು ಹತ್ತಿತ್ತು. ಲಾಂಡೊ ಪಕ್ಕದ ಕೋಣೆಯಲ್ಲಿ ನೀರು ಕಾಯಿಸುತ್ತಿದ್ದ. ಸೆತ್ತಿಮಿಯೊ ಕುರ್ಚಿಯಲ್ಲಿ ಕೂತಿದ್ದ. ಕಿಟಕಿ ಮುಚ್ಚಿತ್ತು, ಅವನೇ ಮುಚ್ಚಿಸಿದ್ದನಂತೆ.

"ಅವತ್ತು ನಾನು ಜೋರಾಗಿ ಕೂಗಿದ್ನೇನಮ್ಮ?" ಅಂತ ಕೇಳಿದ.

"ಬೀದಿಗೆಲ್ಲ ಕೇಳಿಸ್ತು."

"ಫುಲ್ವಿಯೊಗೂ?"

"ಅವನಿಗೆ ತಾನೆ ನೀನು ಕೂಗಿದ್ದು."

ಬಿದ್ದುಹೋದ ಕೈಯನ್ನು ಇನ್ನೊಂದು ಕೈಯಿಂದ ತೊಡೆ ಮೇಲೆ ಸರಿಮಾಡಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ, "ನಾನು ಮೇಲೆ ಸಂತನ್ನ ನೋಡ್ತಿದ್ದೆ. ಬಿದ್ದೋನ್ನ ಆಮೇಲೆ ನೋಡ್ದೆ. ಕಂಬದ ಕೆಳಗೆ ಯಾರ್ಯಾರು ಇದಾರೆ ಅಂತ ಯಾರು ನೋಡ್ತಾರೆ? ಲಾಂಡೊ ಅಲ್ಲಿದ್ದ ಅನ್ನೋದೇ ನನಗೆ ಗೊತ್ತಿರ್ಲಿಲ್ಲ."

ತಿರುಗಿದರೆ ಲಾಂಡೊ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಬಿಸಿನೀರಿನ ಬೋಗುಣಿ, ಹೆಗಲ ಮೇಲೆ ಟವೆಲು. ಎಲ್ಲ ಕೇಳಿಸಿಕೊಂಡಿದ್ದ. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವನು ಬೋಗುಣಿಯನ್ನು ಸ್ಟೂಲಿನ ಮೇಲಿಟ್ಟ. ಟವೆಲನ್ನು ಅಪ್ಪನ ಕುತ್ತಿಗೆಗೆ ಸುತ್ತಿ, ಬ್ರಷ್ಷು ನೀರಿಗೆ ಅದ್ದಿ ನೊರೆ ಮಾಡಿದ. ಸೆತ್ತಿಮಿಯೊ ಕಣ್ಣು ಮುಚ್ಚಿಕೊಂಡು ಗದ್ದ ಎತ್ತಿದ. ಲಾಂಡೊ ಕಿವಿಯ ಪಕ್ಕದಿಂದ ರೇಜರು ಎಳೆದ, ನೀರಿನಲ್ಲಿ ಅಲ್ಲಾಡಿಸಿ ತೊಳೆದ, ಮತ್ತೆ ಎಳೆದ.