ಮಗ್ಗಕ್ಕೆ ಹೇಳಿದ ಮಾತು

ಗೆಳೆಯರೇ, ಒಂದೇ ಮಗ್ಗದ ಗುಂಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ ಮನುಷ್ಯ ಒಂಟಿಯಾಗಬಹುದು ಎಂದು ಇವತ್ತು ತಿಳಿಯಿತು.

ನಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯಲು ಇಬ್ಬರು ಬೇಕು. ಸೀರೆಯ ಒಡಲಿಗೆ ಅಡ್ಡನೂಲು ಹಾಯಿಸುವ ಲಾಳಿ ನನ್ನದು. ಎಡಗಡೆ ಕೂತು ಅಂಚಿನ ಲಾಳಿ ಎಸೆಯುವವನು ತಿಪ್ಪಣ್ಣ. ನನಗೆ ಲಾಳಿ ಹಿಡಿಯಲು ಕಲಿಸಿದವನೂ ಅವನೇ. ಈಚೆಗೆ ಅವನ ಕೈ ನಡುಗಿ ಅಂಚು ಸಡಿಲವಾಗುತ್ತಿದೆ. ಅದನ್ನು ಹೇಳಬೇಕಾದ ಮಗ್ಗದ ಯಜಮಾನರು ಬೆಳಿಗ್ಗೆ ನನ್ನನ್ನು ಹೊರಗೆ ಕರೆದು, "ನೀನೇ ಹೇಳಪ್ಪ, ನೀನು ಹೇಳಿದ್ರೆ ಅವ್ನು ಬೇಜಾರು ಮಾಡ್ಕಳಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು.

ಹೇಳಿದೆ. "ತಿಪ್ಪಣ್ಣ, ಅಂಚು ಸಡ್ಲ ಬರ್ತೈತೆ. ನಾಳೆಯಿಂದ ನೀನು ನೂಲು ಸುತ್ತೋ ಕೆಲ್ಸ ನೋಡ್ಬೇಕಂತೆ."

ನೂಲು ಸುತ್ತುವುದು ನಮ್ಮಲ್ಲಿ ಮನೆಯ ಹೆಂಗಸರ ಕೆಲಸ. ತಿಪ್ಪಣ್ಣ ನನ್ನ ಕಡೆ ತಿರುಗಲಿಲ್ಲ. ಮಗ್ಗದ ಕಡೆ ನೋಡಿ, "ಕೇಳಿದೇನವ್ವಾ, ಇವ್ನೂ ಯಜಮಾನ ಆಗ್ಯಾನೆ" ಎಂದ.

ಆಮೇಲೆ ಸಂಜೆಯವರೆಗೂ ನನಗೆ ಹೇಳಬೇಕಾದದ್ದನ್ನೆಲ್ಲ ಮಗ್ಗಕ್ಕೇ ಹೇಳಿದ. ಎಳೆ ಕಡಿದರೂ ಮಗ್ಗಕ್ಕೆ, ಬಾಯಾರಿದರೂ ಮಗ್ಗಕ್ಕೆ. ನೀರು ತಂದುಕೊಟ್ಟವನು ನಾನು. ಕುಡಿದು, "ತಣ್ಣಗೈತೆ ತಾಯಿ" ಎಂದು ಮಗ್ಗಕ್ಕೆ ಹೇಳಿದ. ಲಾಳಿ ಮಾತ್ರ ಒಮ್ಮೆಯೂ ತಪ್ಪದೆ ನನ್ನ ಕೈಗೇ ಬಂತು.

ಹೋಗುವಾಗ ಮಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಬರ್ತೀನವ್ವಾ" ಎಂದ.

ಅವನು ಹೋದ ಮೇಲೆ ನಾನೂ ಮಗ್ಗದ ಹತ್ತಿರ ಬಾಗಿ, "ನಂದೇನೈತವ್ವಾ ತಪ್ಪು?" ಎಂದು ಕೇಳಿದೆ. ಅದೂ ನನ್ನ ಜೊತೆ ಮಾತು ಬಿಟ್ಟಿದೆ.