ಬಿಗಿದ ಸ್ಟೀರಿಂಗೂ ಅಕ್ಕನ ಶಕುನವೂ

ನಮ್ಮ ಭಾಷೆಯಲ್ಲಿ ಬೀಗವೂ ಬೀಗರೂ ಒಂದೇ ಅಕ್ಷರಗಳ ಆಸರೆಯಲ್ಲಿ ಬಾಳುತ್ತಿರುವುದು ಬರೀ ಆಕಸ್ಮಿಕವೆಂದು ನಾನು ಬಹುಕಾಲ ನಂಬಿದ್ದೆ. ಇಬ್ಬರನ್ನೂ ಬಲಪ್ರಯೋಗದಿಂದ ಒಲಿಸಿಕೊಳ್ಳಲಾಗದೆಂಬ ಪರಮಾರ್ಥ ಹೊಳೆದದ್ದು, ಮೂವತ್ತು ವರ್ಷ ಕಾಲೇಜಿನಲ್ಲಿ ವ್ಯಾಕರಣ ಬೋಧಿಸಿ ನಿವೃತ್ತನಾದ ಮೇಲೆ, ಶಂಕರಪುರದ ನಮ್ಮ ಮನೆಯ ಮುಂದೆ, ನನ್ನದೇ ಕಾರಿನೊಳಗೆ.

ಅಂದು ಬೆಳಿಗ್ಗೆ ಅಕ್ಕನನ್ನು ಕಣ್ಣಿನ ಪೊರೆ ತೆಗೆಸಲು ಮಲ್ಲೇಶ್ವರದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹಿಂದೆ ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ಅವಳು ಹಿಂದೆಗೆದಿದ್ದಳು. ಒಮ್ಮೆ ರಾಹುಕಾಲ, ಇನ್ನೊಮ್ಮೆ ಹೊಸ್ತಿಲು ದಾಟುವಾಗ ಒಂಟಿ ಸೀನು, ಸೀನಿದ ಮಹಾಶಯ ನಾನೇ. ಇನ್ನೂ ತಡಮಾಡಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. "ನೀನೇ ಕಾರಲ್ಲಿ ಕರ್ಕೊಂಡು ಹೋದ್ರೆ ಬರ್ತೀನಿ" ಎಂಬ ಷರತ್ತಿನ ಮೇಲೆ ಮೂರನೆಯ ಸಲ ಒಪ್ಪಿದ್ದಳಾದ್ದರಿಂದ ಆಟೋದ ಮಾತೆತ್ತುವಂತಿರಲಿಲ್ಲ.

ಆದರೆ ಹಿಂದಿನ ದಿನ ಕೀ ತೆಗೆದ ಮೇಲೆ ಸ್ಟೀರಿಂಗನ್ನೇ ಊರುಗೋಲಾಗಿಸಿ ನನ್ನ ಸ್ಥೂಲಕಾಯವನ್ನು ಸೀಟಿನಿಂದ ಎತ್ತಿದ್ದರ ಫಲವಾಗಿ ಅದು ಎಡಕ್ಕೆ ವಾಲಿ, ಒಳಗಿನ ಬೀಗ ಬಿದ್ದು ಬಿಗಿದು ಕೂತಿತ್ತು. ಕೀ ಒಳಗೆ ಹೋಯಿತು, ತಿರುಗಲಿಲ್ಲ. ಇವತ್ತು ಹೊರಟೇ ತೀರಬೇಕೆಂದು ಹಲ್ಲು ಕಚ್ಚಿ ಸ್ಟೀರಿಂಗನ್ನು ಬಲಕ್ಕೆ ಎಳೆದೆ, ಬೆವರಿದೆ, ಮತ್ತೆ ಎಳೆದೆ.

"ಕಾರೇ ಬೇಡ ಅಂತಿದೆ ಕಣೋ. ಇನ್ನೊಂದಿನ ಹೋದ್ರಾಯ್ತು ಬಿಡು" ಎಂದು ಪಕ್ಕದ ಸೀಟಿನಲ್ಲಿದ್ದ ಅಕ್ಕ ಇಳಿಯಲು ಬಾಗಿಲು ತೆರೆದಳು.

ಮೂಢನಂಬಿಕೆಯನ್ನು ಕುರಿತ ನನ್ನ ಉಪನ್ಯಾಸ ನಾಲಿಗೆಯ ತುದಿಗೆ ಬಂತು. ಆದರೆ ಆರು ತಿಂಗಳಿಂದ ಅದನ್ನೇ ಕೇಳಿ ಕೇಳಿ ಅವಳು ಇನ್ನಷ್ಟು ಬಿಗಿದುಕೊಂಡದ್ದಲ್ಲದೆ ಬೇರೇನೂ ಆಗಿರಲಿಲ್ಲ. "ಸರಿ ಅಕ್ಕ, ಒಳಗೋಗಿ ಐದು ನಿಮಿಷ ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡೋಣ" ಎಂದೆ. ಶಕುನ ಕೆಟ್ಟರೆ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಪರಿಹಾರ ಅದು. ಜನ್ಮವಿಡೀ ಅದನ್ನು ಗೇಲಿ ಮಾಡಿದವನ ಬಾಯಲ್ಲಿ ಈ ಮಾತು ಕೇಳಿ ಅವಳು ಅನುಮಾನದಿಂದಲೇ ನನ್ನ ಹಿಂದೆ ಬಂದಳು.

ಒಳಗೆ ನೀರಿನ ಲೋಟಕ್ಕೆ ಕೈಚಾಚಿದಳು. ಕೈ ಎರಡು ಸಲ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಲೋಟ ಅವಳ ಕೈಗಿಟ್ಟೆ.

"ಭಯ ಆಗತ್ತೆ ಕಣೋ" ಎಂದಳು, ಮೊಟ್ಟಮೊದಲ ಬಾರಿಗೆ.

"ನಂಗೂ ಆಗ್ತಿದೆ" ಎಂದೆ. ಅದು ನಿಜವೇ ಆಗಿತ್ತು. ಅವಳು ನೀರು ಕುಡಿದು, ಸೆರಗು ಸರಿಮಾಡಿಕೊಂಡು, ನನಗಿಂತ ಮೊದಲೇ ಎದ್ದಳು.

ಈ ಸಲ ಬಲಕ್ಕೆಳೆಯುವ ಹಟ ಬಿಟ್ಟು, ಸ್ಟೀರಿಂಗ್ ವಾಲಿದ್ದ ಎಡಕ್ಕೇ ಮೆಲ್ಲಗೆ ಒತ್ತಿಹಿಡಿದು ಕೀ ತಿರುಗಿಸಿದೆ. ಟಕ್ಕೆಂದು ಬಿಟ್ಟುಕೊಟ್ಟಿತು. ಬೀಗ ತೆರೆದದ್ದಕ್ಕೆ ನಾನೂ ಅರೆಕ್ಷಣ ಬೀಗಿದೆನೆಂದು ವ್ಯಾಕರಣಸಮೇತ ಒಪ್ಪಿಕೊಳ್ಳುತ್ತೇನೆ.

ರಸ್ತೆಯ ತಿರುವಿನಲ್ಲಿ ಏನೋ ಛಂಗನೆ ನೆಗೆದು ಎಡದಿಂದ ಬಲಕ್ಕೆ ಓಡಿತು. ಬ್ರೇಕ್ ಒತ್ತಿದೆ. ಸುಳ್ಳೊಂದನ್ನು ಹುಡುಕತೊಡಗಿದೆ.

"ಅಡ್ಡ ಹೋಗಿದ್ದು ಬೆಕ್ಕು ತಾನೇ?" ಎಂದಳು ಅಕ್ಕ.

ನಾನು ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ.

"ನಡಿ ನಡಿ, ಹೊತ್ತಾಯ್ತು. ಯಾವ ಬಣ್ಣದ್ದು ಅಂತ ನಾಳಿದ್ದು ಸರಿಯಾಗಿ ನೋಡ್ತೀನಿ."