ರಾಗಿ ತಿಂದ ಬಾಣಂತಿಯನ್ನು ಕಂಡವರು

ಕಣ್ಣಾರೆ ಕಂಡವರು ಯಾರು ಎಂದು ಕೇಳುವುದೇ ನನ್ನ ಕೆಲಸವಾಗಿತ್ತು. ನಾನು ಮತ್ತು ನಮ್ಮ ಯಜಮಾನರು ದುರ್ಗದಲ್ಲಿ ಊಟ, ಪಥ್ಯ, ಆರೋಗ್ಯದ ಬಗ್ಗೆ ಒಂದು ಸಣ್ಣ ಮಾಸಪತ್ರಿಕೆ ನಡೆಸುತ್ತಿದ್ದ ಕಾಲದ ಮಾತು ಇದು. ನಮಗೆ ಸರ್ಕಾರದ ನೆರವಿರಲಿಲ್ಲ, ಮಠದ ಆಶ್ರಯವಿರಲಿಲ್ಲ, ಔಷಧಿ ಮಾರುವವರ ಹಂಗೂ ಇರಲಿಲ್ಲ. ಯಾರ ಹಂಗೂ ಇಲ್ಲದವರಿಗೆ ನಿಜ ಹೇಳುವುದು ಸುಲಭ ಎಂದು ಶುರುವಿನಲ್ಲಿ ನಾನು ನಂಬಿದ್ದೆ. ಆ ನಂಬಿಕೆಯನ್ನು ನೆನೆದರೆ ಈಗ ನಗು ಬರುತ್ತದೆ, ಅದೂ ಒಳ್ಳೆಯ ನಗುವಲ್ಲ.

ಯಜಮಾನರು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದಿ ಪೇಟೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಬರೆಯುವುದು ಅವರ ಪಾಲು, ಬಂದದ್ದನ್ನು ಜರಡಿ ಹಿಡಿಯುವುದು ನನ್ನ ಪಾಲು. ಯಾರೇ ಏನೇ ಬರೆದು ಕಳಿಸಲಿ, ತಿಂದವರು ಯಾರು, ಯಾವ ಊರಿನವರು, ತಿಂದ ಮೇಲೆ ಏನಾಯಿತೆಂದು ಕಣ್ಣಾರೆ ಕಂಡವರು ಯಾರು ಎಂದು ವಿಚಾರಿಸದೆ ನಾನು ಅಚ್ಚಿಗೆ ಬಿಡುತ್ತಿರಲಿಲ್ಲ. ಬರುತ್ತಿದ್ದ ಲೇಖನಗಳಲ್ಲೆಲ್ಲ 'ಅನುಭವಸಿದ್ಧ' ಎಂಬ ಮಾತು ತಪ್ಪದೆ ಇರುತ್ತಿತ್ತು. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು, ಊಟವಾದ ಮೇಲೆ ಅಡಿಕೆ ಜಗಿದರೆ ಕಣ್ಣಿನ ದೃಷ್ಟಿ ಹೆಚ್ಚುತ್ತದೆ, ಇದು ಅನುಭವಸಿದ್ಧ ಎಂದು ಬರೆದಿದ್ದರು. ಅವರು ಪೇಟೆಗೆ ಬಂದಾಗ ಮನೆಗೆ ಕರೆಸಿ, ಯಾರ ಅನುಭವ ಎಂದು ಕೇಳಿದೆ.

"ನಮ್ಮ ತಾತಂದು ಕಣವ್ವ," ಎಂದರು.

"ತಾತನ ದೃಷ್ಟಿ ಚೆನ್ನಾಗಿತ್ತಾ?"

"ನಾನು ಹುಟ್ಟಾ ಮುಂಚೇನೇ ತೀರ್ಕಂಡಿದ್ರು."

ಲೇಖನ ವಾಪಸು ಕೊಟ್ಟೆ. ಅವರು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದರು. ಇಂಥವರ ಜೊತೆ ಗುದ್ದಾಡಿ ಗುದ್ದಾಡಿ ಪೇಟೆಯಲ್ಲಿ ನನಗೆ ಗಯ್ಯಾಳಿ ಎಂಬ ಹೆಸರು ಬಂತು.

ಆಗ ಸೀಮೆಯಲ್ಲಿ ಒಂದು ಹೊಸ ಮಾತು ಹಬ್ಬಿತ್ತು. ಬಾಣಂತಿ ರಾಗಿ ತಿಂದರೆ ಎದೆಹಾಲು ಬತ್ತುತ್ತದೆಯಂತೆ. ಮುದ್ದೆ ಬಿಟ್ಟು ಅನ್ನ ಉಣ್ಣುವುದೇ ದೊಡ್ಡಸ್ತಿಕೆ ಎಂದುಕೊಂಡ ಮನೆಗಳಲ್ಲಿ ಇದು ಹುಟ್ಟಿರಬೇಕೆಂದು ನನ್ನ ಗುಮಾನಿ. ಹಿರಿಯೂರಿನವರನ್ನು ಕೇಳಿದರೆ ಹೊಸದುರ್ಗದ ಕಡೆಯಿಂದ ಬಂದ ಮಾತು ಎನ್ನುವರು. ಹೊಸದುರ್ಗದವರನ್ನು ಕೇಳಿದರೆ ಹಿರಿಯೂರಿನ ಕಡೆ ಕೈ ತೋರಿಸುವರು. ಕಂಡವರು ಮಾತ್ರ ಒಬ್ಬರೂ ಇಲ್ಲ. ಕೊನೆಗೆ ಗಾಡಿ ಕಟ್ಟಿಸಿಕೊಂಡು ಜವನಗೊಂಡನಹಳ್ಳಿಗೂ ಭರಮಸಾಗರಕ್ಕೂ ನಾನೇ ಹೋಗಿ, ಒಕ್ಕಲು ಮನೆಗಳಲ್ಲಿ, ಕುರಿಯವರ ಗುಡಿಸಲುಗಳಲ್ಲಿ ಮಗುವಿಗೆ ಹಾಲೂಡಿಸುವ ತಾಯಂದಿರ ಎದುರಿಗೇ ಕೂತು ಕೇಳಿದೆ. ಎಲ್ಲರೂ ಮುದ್ದೆ ಉಣ್ಣುವವರೇ, ಎಲ್ಲರ ಮಕ್ಕಳೂ ಗುಂಡುಗುಂಡಾಗಿದ್ದವು. ಭರಮಸಾಗರದ ಕೆರೆ ಏರಿಯ ಮೇಲೆ ಸಿಕ್ಕ ಒಬ್ಬಾಕೆ, "ರಾಗಿ ಬಿಟ್ರೆ ಇನ್ನೇನು ತಿನ್ನಾನವ್ವ, ಮಣ್ಣಾ?" ಎಂದು ನನ್ನನ್ನೇ ಕೇಳಿದಳು.

ಇದನ್ನೆಲ್ಲ ತಂದು ಯಜಮಾನರಿಗೆ ಒಪ್ಪಿಸಿದೆ. ಎಡವಟ್ಟಾದದ್ದು ಅಲ್ಲಿಯೇ. ಶಾಸ್ತ್ರ ಓದಿದವರು ಸುಳ್ಳನ್ನು ಸುಳ್ಳು ಎಂದು ನೆಟ್ಟಗೆ ಹೇಳಿ ಮುಗಿಸುವುದಿಲ್ಲ. ಮೊದಲು ಎದುರಾಳಿಯ ವಾದವನ್ನು ಅವನ ಪರವಾಗಿಯೇ ನಿಂತು ಪೂರ್ತಿ ಮಂಡಿಸಬೇಕು, ಅದು ಪೂರ್ವಪಕ್ಷ. ಆಮೇಲೆ ಅದನ್ನು ಮುರಿದು ತಮ್ಮ ಮಾತು ಹೇಳಬೇಕು, ಅದು ಸಿದ್ಧಾಂತ. ಯಜಮಾನರು ಪೂರ್ವಪಕ್ಷವನ್ನು ಬಹಳ ಹುರುಪಿನಿಂದ ಬರೆದರು. ರಾಗಿ ಒರಟು ಧಾನ್ಯ, ನೀರು ಹೀರುವುದು ಅದರ ಸ್ವಭಾವ, ಮಡಕೆಯಲ್ಲಿ ನೀರನ್ನು ಬಿಡದೆ ಹೀರುವ ಹಿಟ್ಟು ಮೈಯೊಳಗೆ ಹಾಲನ್ನು ಬಿಟ್ಟೀತೇ ಎಂದು. ಓದುತ್ತಾ ನನಗೇ ಒಂದು ಗಳಿಗೆ ರಾಗಿಯ ಮೇಲೆ ಅನುಮಾನ ಬಂತು.

"ಸುಳ್ಳನ್ನ ಇಷ್ಟು ಚೆಂದ ಯಾಕೆ ಬರೆದ್ರಿ?" ಎಂದೆ.

"ಪೂರ್ವಪಕ್ಷ ಗಟ್ಟಿ ಇಲ್ದಿದ್ರೆ ಸಿದ್ಧಾಂತಕ್ಕೆ ಬೆಲೆ ಎಲ್ಲೈತೆ?" ಎಂದರು.

ಅಚ್ಚುಕೂಟದ ಸಾಹುಕಾರರು ಜಾಗ ಸಾಲದೆಂದು ಲೇಖನವನ್ನು ಸರಿಯಾಗಿ ಪೂರ್ವಪಕ್ಷ ಮುಗಿದಲ್ಲಿಗೆ ಕತ್ತರಿಸಿ, ಕೆಳಗೆ 'ಮುಂದುವರಿಯುವುದು' ಎಂದು ಹಾಕಿ ಅಚ್ಚು ಮಾಡಿಬಿಟ್ಟರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಮುಂದಿನ ತಿಂಗಳು ಸಿದ್ಧಾಂತ ಬಂದೇ ಬರುವುದಲ್ಲ ಎಂದು ಯಜಮಾನರು ಸುಮ್ಮನಾದರು. ಆದರೆ ಅದು ಯೂರೋಪಿನ ಯುದ್ಧದ ಕಾಲ. ಬೆಂಗಳೂರಿನಿಂದ ಕಾಗದ ಬರುವುದೇ ನಿಂತುಹೋಯಿತು. ಮುಂದಿನ ತಿಂಗಳು ಪತ್ರಿಕೆ ಹೊರಡಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಸಿದ್ಧಾಂತದ ಅಚ್ಚುಮೊಳೆಗಳನ್ನು ಜೋಡಿಸಿ, ದಾರ ಸುತ್ತಿ, ಅಚ್ಚುಕೂಟದ ಮೂಲೆಯ ಹಲಗೆಯ ಮೇಲೆ ಇಟ್ಟಿದ್ದರು.

ಆ ಹೊತ್ತಿಗೆ ಹೊಳಲ್ಕೆರೆಯಲ್ಲಿ ನನ್ನ ತಂಗಿ ಹೆತ್ತಳು. ನಮ್ಮ ತಾಯಿ ತೀರಿಹೋಗಿದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ನಡೆದಿತ್ತು. ಮಗು ನೋಡಲೆಂದು ಹೋದರೆ ತಂಗಿಯ ಕೆನ್ನೆ ಒಳಗೆ ಹೋಗಿತ್ತು. ಊಟಕ್ಕೆ ಒಂದು ಹಿಡಿ ಅನ್ನ, ಮೆಣಸಿನ ಸಾರು. ಆ ಮನೆಯಲ್ಲಿ ಅಕ್ಕಿ ಎಂದರೆ ಹಬ್ಬಕ್ಕೆ ತರುವ ಪದಾರ್ಥ, ಬಾಣಂತಿಗೆಂದು ಅಷ್ಟಾದರೂ ತಂದಿದ್ದರು. ಮಗು ಎದೆಗೆ ಬಾಯಿ ಹಾಕಿ ಎಳೆಯುವುದು, ಬಿಟ್ಟು ಅಳುವುದು, ಮತ್ತೆ ಎಳೆಯುವುದು.

"ಹೊಟ್ಟೆ ತುಂಬಲ್ಲ ಅಕ್ಕ," ಎಂದಳು. "ಮುದ್ದೆ ಕೊಡ್ರಿ ಅಂದ್ರೆ ಬ್ಯಾಡ ಅಂತಾರೆ. ನಿಮ್ಮ ಪತ್ರಿಕೇಲೇ ಬಂದೈತಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ತಂಗಿಯ ಅತ್ತೆ ಕೆಟ್ಟವರಲ್ಲ. ತಮ್ಮ ಪಾಲಿನ ತುಪ್ಪವನ್ನೂ ಸೊಸೆಯ ತಟ್ಟೆಗೆ ಹಾಕುತ್ತಿದ್ದವರು. ಅವರಿಗೆ ಓದು ಬಾರದು, ಮಾವನವರು ಓದಿ ಹೇಳಿದ್ದರು. ಮಾವನವರು ದೇವರ ಗೂಡಿನಿಂದ ಪತ್ರಿಕೆಯನ್ನು ತೆಗೆದು ನನ್ನ ಮುಂದೆ ಹಿಡಿದರು.

"ಅತ್ತೆ, ಇದು ಬೇರೆಯೋರ ಮಾತು. ಸುಳ್ಳು ಅಂತ ತೋರ್ಸಾಕೇ ನಾವು ಬರ್ದಿರಾದು," ಎಂದೆ.

"ಸುಳ್ಳು ಅಂತ ಎಲ್ಲೈತೆ?" ಎಂದು ಅವರು ಗಂಡನ ಮುಖ ನೋಡಿದರು.

ಮಾವನವರು ಪುಟದ ಕೊನೆಗೆ ಬೆರಳಿಟ್ಟರು. "ಮುಂದುವರಿಯುವುದು ಅಂತ ಐತೆ. ಇನ್ನೂ ಏನೇನು ತಿನ್ನಬಾರ್ದೋ ಮುಂದಿನ ತಿಂಗಳು ಬರ್ತೈತೆ. ಅದಕ್ಕೇ ಕಾಯ್ತಾ ಇದೀವಿ."

"ಬರೆದೋರು ನಾವೇ ಅಲ್ವಾ ಮಾವ? ನಾನೇ ಎದುರಿಗೆ ನಿಂತು ಹೇಳ್ತಾ ಇದೀನಲ್ಲ."

"ನೀನು ಹೇಳಾದು ಬಾಯಿ ಮಾತು ಕಣವ್ವ," ಎಂದರು ಅತ್ತೆ, ಸಮಾಧಾನವಾಗಿಯೇ. "ತಂಗಿ ಮ್ಯಾಲಿನ ಪ್ರೀತಿಗೆ ಏನಾದ್ರೂ ಅಂತೀಯ. ಇದು ಅಚ್ಚಾಗೈತೆ. ನೀನೂ ಅಚ್ಚು ಹಾಕಿಸ್ಕಂಡು ಬಾ, ಆವತ್ತೇ ಮುದ್ದೆ ಮಾಡಿಕ್ತೀನಿ."

ಬಾಯಿ ಮಾತನ್ನು ನಂಬಬೇಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಗಾಡಿ ತಿರುಗಿಸಿದೆ.

ದುರ್ಗದಲ್ಲಿ ಸಾಹುಕಾರರ ಬಳಿ ಇದ್ದದ್ದು ಲಗ್ನಪತ್ರಿಕೆಗೆಂದು ತೆಗೆದಿಟ್ಟ ಗುಲಾಬಿ ಬಣ್ಣದ ಕಾಗದ ಮಾತ್ರ. ಅದನ್ನು ಮುಟ್ಟುವ ಹಾಗಿಲ್ಲ ಎಂದರು. "ಮದುವೆ ಮನೆಯೋರು ಬಂದು ಕೇಳಿದ್ರೆ ಏನಂತ ಹೇಳ್ಲಿ ಅಮ್ಮಾರೆ?" ನಾನು ಅಚ್ಚುಕೂಟದ ಹೊಸಿಲಿಗೆ ಅಡ್ಡ ಕೂತೆ. ಬಂದ ಗಿರಾಕಿಗಳು ಹೊರಗೇ ನಿಂತರು. ಇಷ್ಟರಲ್ಲಿ ಯಜಮಾನರು ಬಂದು, ಹೇಗೂ ತಡವಾಗಿದೆ, ಸಿದ್ಧಾಂತಕ್ಕೆ ಇನ್ನೊಂದು ಶ್ಲೋಕದ ಆಧಾರ ಸೇರಿಸಿದರೆ ಚೆನ್ನಾಗಿರುತ್ತದೆ ಎಂದರು. ಬೀದಿಯಲ್ಲಿ ಗಂಡನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. ಶ್ಲೋಕದ ಮಾತು ಅಲ್ಲಿಗೇ ನಿಂತಿತು, ಸಾಹುಕಾರರಿಂದ ಕಾಗದವೂ ಸಿಕ್ಕಿತು.

ಅಚ್ಚಾಗಿ, ಒಣಗಿ, ಗಾಡಿ ಸಿಕ್ಕಿ ನಾನು ಹೊಳಲ್ಕೆರೆಗೆ ಮತ್ತೆ ಹೋಗುವಷ್ಟರಲ್ಲಿ ವಾರದ ಮೇಲಾಗಿತ್ತು. ತಂಗಿಯ ಹಾಲು ಅಷ್ಟರಲ್ಲಿ ಹೆಚ್ಚುಕಡಿಮೆ ನಿಂತುಹೋಗಿತ್ತು. ಮಾವನವರು ಗುಲಾಬಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರ ಮದುವೆ ಎಂದು ಕೇಳಿ, ಆಮೇಲೆ ಪೂರ್ತಿ ಓದಿದರು. ಅತ್ತೆ ಮಾತಿಗೆ ತಪ್ಪಲಿಲ್ಲ, ಆಗಲೇ ಎಸರಿಟ್ಟರು. ತಂಗಿ ಬಿಸಿ ಮುದ್ದೆಯನ್ನು ಬೆರಳು ಸುಟ್ಟುಕೊಂಡು ಉಂಡಳು. ನಾನು ಹಗುರಾದ ಮನಸ್ಸಿನಿಂದ ಅಂದೇ ದುರ್ಗಕ್ಕೆ ಹೊರಟೆ.

ಹಾಲು ಮರಳಿ ಬರಲಿಲ್ಲ. ಪಕ್ಕದ ಕುರಿಯವರ ಮನೆಯ ಮೇಕೆ ಹಾಲಿನಲ್ಲಿ ಮಗು ಬದುಕಿಕೊಂಡಿತು, ಚೆನ್ನಾಗಿಯೇ ಬೆಳೆಯಿತು. ಕಾಗದ ಬಂದ ಮೇಲೆ ನಾವು ಲೇಖನವನ್ನು ಒಂದೇ ಸಂಚಿಕೆಯಲ್ಲಿ, ಮೊದಲ ಸಾಲಿನಲ್ಲೇ ಇದು ಸುಳ್ಳು ಎಂದು ಹಾಕಿ ಮತ್ತೆ ಅಚ್ಚು ಮಾಡಿಸಿದೆವು. ಅದರ ಪ್ರತಿ ಹಿಡಿದುಕೊಂಡು ನಾನೇ ಹೊಳಲ್ಕೆರೆಗೆ ಹೋದೆ. ಜಗಲಿಯಲ್ಲಿ ಅತ್ತೆ ನೆರೆಮನೆಯಾಕೆಯ ಜೊತೆ ಕೂತಿದ್ದರು. ಆಕೆಯ ಮಗಳು ತುಂಬಿದ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು.

"ರಾಗಿ ಮಾತ್ರ ಇಕ್ಕಬ್ಯಾಡ ಕಣೆ," ಎನ್ನುತ್ತಿದ್ದರು ಅತ್ತೆ. "ಅಚ್ಚಾಗಿರಾದು ಎರಡು ಥರ ಐತೆ, ಅದನ್ನ ಬಿಡು. ನಾನು ಕಣ್ಣಾರೆ ಕಂಡೀನಿ. ನಮ್ಮ ಸೊಸೆಗೆ ಮುದ್ದೆ ಇಕ್ಕಿದೆ, ಹಾಲು ಬತ್ತೇ ಹೋತು."

ನನ್ನನ್ನು ನೋಡಿ ಅವರ ಮುಖ ಅರಳಿತು. "ಬಾರವ್ವ, ಕುಂತ್ಕ. ಕಂಡೋರು ಯಾರು, ಯಾವೂರು ಅಂತ ನೀನು ಕೇಳ್ತಿದ್ಯಂತಲ್ಲ. ಬರ್ಕ. ಹೊಳಲ್ಕೆರೆ. ಕಂಡೋಳು ನಾನೇ."

ಹಸಿವಿನಿಂದ ಹಾಲು ಬತ್ತಿತು, ಮುದ್ದೆ ಉಣ್ಣುವ ಮೊದಲೇ ಬತ್ತಿತ್ತು ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿದರು.

"ಮುದ್ದೆ ಉಂಡ ಮ್ಯಾಲೆ ನೀನಿದ್ಯಾ ಇಲ್ಲಿ?" ಎಂದರು.

ಇರಲಿಲ್ಲ. ನೆರೆಮನೆಯಾಕೆ ನನ್ನ ಮುಖವನ್ನೊಮ್ಮೆ, ಅತ್ತೆಯ ಮುಖವನ್ನೊಮ್ಮೆ ನೋಡಿ, ಅಂಗಡಿ ಮುಚ್ಚುವುದರೊಳಗೆ ಅಕ್ಕಿ ತರಬೇಕು ಎಂದು ಎದ್ದಳು.